ಕೆರಳುವ ಕರುಳು, ಕಳವಳದ ಮನಸ್ಸು



ನಮ್ಮ ಆಡುಮಾತನ್ನು ಸ್ವಲ್ಪ ಗಮನಿಸಿ. ಪರರ ಏಳಿಗೆಯನ್ನು ಸಹಿಸದವನಿಗೆ 'ಹೊಟ್ಟೆಕಿಚ್ಚು'. ಮಗುವಿನ ಸಂಕಟ ಕಂಡಾಗ ತಾಯಿಯ 'ಕರುಳು ಚುರುಕ್' ಎನ್ನುತ್ತದೆ. ಇನ್ನೊಬ್ಬರ ತಪ್ಪನ್ನು ಮನ್ನಿಸುವುದೆಂದರೆ 'ಹೊಟ್ಟೆಗೆ ಹಾಕಿಕೊಳ್ಳುವುದು'. ಅಸೂಯೆ, ಮಮತೆ, ಕ್ಷಮೆ ಇವೆಲ್ಲ ಮನಸ್ಸಿನ ಭಾವಗಳು. ಆದರೂ ಕನ್ನಡ ಅವಕ್ಕೆ ಹೊಟ್ಟೆಯಲ್ಲಿ ಜಾಗ ಕೊಟ್ಟಿದೆ. ಇದು ಬರಿಯ ಮಾತಿನ ಚಮತ್ಕಾರವೇ? ಅಲ್ಲ. ಹೊಟ್ಟೆಗೂ ಮನಸ್ಸಿಗೂ ನಿಜವಾಗಿಯೇ ನರಗಳ ನಂಟಿದೆ. ಈ ನಂಟು ಹದಗೆಟ್ಟಾಗ ಓದು, ಸ್ನೇಹ, ದಿನಚರಿ ಎಲ್ಲವೂ ಏರುಪೇರಾಗುತ್ತವೆ. ಅದು ಹೇಗೆಂದು ತಿಳಿಯೋಣ.

ಏನಿದು ತೊಂದರೆ?

ಪರೀಕ್ಷೆಯ ದಿನ ಬೆಳಿಗ್ಗೆ ಹೊಟ್ಟೆ ಕಿವುಚಿದಂತಾಗಿ ಎರಡು ಮೂರು ಸಲ ಶೌಚಾಲಯಕ್ಕೆ ಹೋಗಿ ಬಂದವರು ನಿಮ್ಮಲ್ಲೂ ಇರಬಹುದು. ಉತ್ತರ ಬರೆಯಲು ತೊಡಗಿದೊಡನೆ ಅದು ಮಾಯವಾಗುತ್ತದೆ. ಇದು ಕಾಯಿಲೆಯಲ್ಲ. ಆದರೆ ಕೆಲವರಿಗೆ ಪರೀಕ್ಷೆ ಮುಗಿದರೂ ಹೊಟ್ಟೆ ಸುಮ್ಮನಾಗುವುದಿಲ್ಲ. ತಿಂಗಳುಗಟ್ಟಲೆ ಹೊಟ್ಟೆನೋವು, ಉಬ್ಬರ, ಕೆಲವು ದಿನ ಭೇದಿ, ಕೆಲವು ದಿನ ಮಲಬದ್ಧತೆ. ವೈದ್ಯರು ಇದನ್ನು 'ಇರಿಟಬಲ್ ಬವೆಲ್ ಸಿಂಡ್ರೋಮ್', ಚಿಕ್ಕದಾಗಿ ಐ.ಬಿ.ಎಸ್., ಎನ್ನುತ್ತಾರೆ. 'ಕೆರಳುವ ಕರುಳು' ಎಂದು ನಾವು ಕರೆಯಬಹುದು. 33 ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ, ಅಂತರಜಾಲದ ಮೂಲಕ ಉತ್ತರಿಸಿದವರ ಪೈಕಿ ನೂರಕ್ಕೆ ಸುಮಾರು ನಾಲ್ವರಿಗೆ ಈ ತೊಂದರೆ ಇತ್ತು.

ನಮ್ಮಲ್ಲಿ ಇದನ್ನೆಲ್ಲ 'ಗ್ಯಾಸ್ಟ್ರಿಕ್' ಎಂಬ ಒಂದೇ ಮಾತಿನಲ್ಲಿ ಮುಗಿಸಿ, ಔಷಧಿ ಅಂಗಡಿಯಿಂದ ಮಾತ್ರೆ ತಂದು ನುಂಗುವುದು ರೂಢಿ. ವೈದ್ಯರ ಬಳಿಗೆ ಹೋದರೆ ರಕ್ತಪರೀಕ್ಷೆ, ಸ್ಕ್ಯಾನಿಂಗ್ ಎಲ್ಲವೂ ಸರಿಯಾಗಿಯೇ ಇರುತ್ತವೆ. ಆಗ ಮನೆಯವರಿಂದ ಬರುವ ಮಾತು: "ನಿನಗೇನೂ ಆಗಿಲ್ಲ, ಎಲ್ಲಾ ನಿನ್ನ ಭ್ರಮೆ." ರೋಗಿಗೆ ಹೊಟ್ಟೆನೋವಿಗಿಂತ ಹೆಚ್ಚು ನೋವು ಕೊಡುವ ಮಾತು ಇದು. ಅಷ್ಟೇ ಅಲ್ಲ, ಇದು ತಪ್ಪು ಮಾತು ಕೂಡ.

ಕರುಳಿನೊಳಗಿನ ನರಜಾಲ

ಅನ್ನನಾಳದಿಂದ ಗುದದ್ವಾರದವರೆಗೆ ಜೀರ್ಣಾಂಗದ ಗೋಡೆಯಲ್ಲಿ 10 ಕೋಟಿಗೂ ಹೆಚ್ಚು ನರಕೋಶಗಳಿವೆ. ಮಿದುಳಿನ ಅಪ್ಪಣೆಗೆ ಕಾಯದೆ ಆಹಾರವನ್ನು ಮುಂದಕ್ಕೆ ತಳ್ಳುವ ಸಾಮರ್ಥ್ಯ ಈ ಜಾಲಕ್ಕಿದೆ. ಆದ್ದರಿಂದ ಇದನ್ನು 'ಎರಡನೆಯ ಮಿದುಳು' ಎಂದು ಕರೆಯುವುದುಂಟು. ಮನಸ್ಸಿನ ಸ್ಥಿತಿಗೆ ಸಂಬಂಧಪಟ್ಟ 'ಸೆರೊಟೋನಿನ್' ಎಂಬ ರಾಸಾಯನಿಕದ ಹೆಸರನ್ನು ನೀವು ಕೇಳಿರಬಹುದು. ದೇಹದಲ್ಲಿರುವ ಸೆರೊಟೋನಿನ್‌ನ ಸುಮಾರು ಶೇ. 90 ಭಾಗ ಇರುವುದು ಕರುಳಿನಲ್ಲೇ. ಅಲ್ಲಿ ಅದು ಕರುಳಿನ ಚಲನೆಯನ್ನು ನಿಯಂತ್ರಿಸುತ್ತದೆ.

ಈ ಜಾಲವನ್ನು ಮಿದುಳಿಗೆ ಜೋಡಿಸುವ ಮುಖ್ಯ ನರ 'ವೇಗಸ್'. ಅದರ ಬಹುಪಾಲು ತಂತುಗಳು ಕೆಳಗಿನಿಂದ ಮೇಲಕ್ಕೆ, ಅಂದರೆ ಕರುಳಿನಿಂದ ಮಿದುಳಿಗೆ, ಸುದ್ದಿ ಒಯ್ಯುತ್ತವೆ. ಕೆರಳುವ ಕರುಳಿನವರಲ್ಲಿ ಈ ಸುದ್ದಿ ಧ್ವನಿವರ್ಧಕಕ್ಕೆ ಹಾಕಿದಂತೆ ಜೋರಾಗಿ ಕೇಳಿಸುತ್ತದೆ. ಬೇರೆಯವರ ಗಮನಕ್ಕೂ ಬಾರದಷ್ಟು ವಾಯು ತುಂಬಿದರೂ ಇವರಿಗೆ ನೋವಾಗುತ್ತದೆ. ಸ್ಕ್ಯಾನಿಂಗ್ ಅಂಗದ ಆಕಾರವನ್ನು ತೋರಿಸುತ್ತದೆಯೇ ಹೊರತು ನರಗಳ ಈ ಗದ್ದಲವನ್ನಲ್ಲ.

ಮೇಲಿನಿಂದ ಕೆಳಕ್ಕೂ ಸುದ್ದಿ ಹೋಗುತ್ತದೆ. 1822ರಲ್ಲಿ ಅಮೆರಿಕದಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಯುವಕನ ಹೊಟ್ಟೆಗೆ ಗುಂಡು ತಗುಲಿತು. ಗಾಯ ಮಾಯ್ದರೂ ಜಠರಕ್ಕೆ ಒಂದು ತೂತು ಉಳಿಯಿತು. ವೈದ್ಯ ವಿಲಿಯಂ ಬ್ಯೂಮಾಂಟ್ ಆ ತೂತಿನ ಮೂಲಕವೇ ಜೀರ್ಣಕ್ರಿಯೆಯನ್ನು ವರ್ಷಗಟ್ಟಲೆ ಅಭ್ಯಸಿಸಿ, ಸಿಟ್ಟು ಬಂದಾಗ ಜಠರದ ಕೆಲಸ ಕೆಡುತ್ತದೆಂದು ಗುರುತಿಸಿದರು. 1890ರ ದಶಕದ ಕೊನೆಯಲ್ಲಿ ವಾಲ್ಟರ್ ಕ್ಯಾನನ್ ಆಗಷ್ಟೇ ಬಳಕೆಗೆ ಬಂದಿದ್ದ ಕ್ಷ-ಕಿರಣದಿಂದ ಬೆಕ್ಕಿನ ಜಠರವನ್ನು ನೋಡುತ್ತಿದ್ದರು. ಬೆಕ್ಕು ಕಳವಳಗೊಂಡೊಡನೆ ಜಠರದ ಅಲೆಗಳು ನಿಂತುಬಿಡುತ್ತಿದ್ದವು.

ಹಾಗಾದರೆ ಎಲ್ಲವೂ ಚಿಂತೆಯಿಂದಲೇ ಬರುತ್ತದೆಯೇ? ಇಲ್ಲಿ ಎಚ್ಚರ ಬೇಕು. ಹೊಟ್ಟೆಹುಣ್ಣು ಮುಖ್ಯವಾಗಿ ಚಿಂತೆ, ಖಾರ, ಆಮ್ಲಗಳ ಫಲವೆಂದು ಬಹುಕಾಲ ನಂಬಲಾಗಿತ್ತು. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ 1982ರಲ್ಲಿ ಅದರ ಹಿಂದಿನ ಬ್ಯಾಕ್ಟೀರಿಯವನ್ನು ಬೆಳೆಸಿ ತೋರಿಸಿದರು. 2005ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಕೆರಳುವ ಕರುಳು ಕೂಡ ಎಷ್ಟೋ ಸಲ ಕಲುಷಿತ ನೀರು, ಆಹಾರದಿಂದ ಬಂದ ಭೇದಿಯ ನಂತರ ಶುರುವಾಗುತ್ತದೆ. ಆಸ್ಟ್ರೇಲಿಯಾದಲ್ಲಿಯೇ 12 ವರ್ಷ ಜನರನ್ನು ಗಮನಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆತಂಕವಿದ್ದವರಲ್ಲಿ ಮುಂದೆ ಹೊಟ್ಟೆಯ ತೊಂದರೆ ಹೆಚ್ಚು ಕಂಡಿತು. ಹೊಟ್ಟೆಯ ತೊಂದರೆ ಮಾತ್ರ ಇದ್ದವರಲ್ಲಿ ಮುಂದೆ ಆತಂಕ ಹೆಚ್ಚಿತು. ಇದು ಎರಡೂ ಕಡೆಯಿಂದ ಸಂಚಾರವಿರುವ ರಸ್ತೆ.

ಬದುಕು ಕುಗ್ಗುವ ಬಗೆ

ಐ.ಬಿ.ಎಸ್.ನಿಂದ ಪ್ರಾಣಕ್ಕೆ ಅಪಾಯವಿಲ್ಲ. ಆದರೂ 2000ದಲ್ಲಿ ಅಮೆರಿಕದಲ್ಲಿ ಪ್ರಕಟವಾದ ಹೋಲಿಕೆಯೊಂದರಲ್ಲಿ ದೇಹದ ನೋವು, ದಣಿವು, ಜನರೊಡನೆ ಬೆರೆಯುವಿಕೆ ಮುಂತಾದ ಕೆಲವು ಅಂಶಗಳಲ್ಲಿ ಈ ರೋಗಿಗಳ ಸ್ಥಿತಿ ಮಧುಮೇಹಿಗಳಿಗಿಂತಲೂ, ಮೂತ್ರಪಿಂಡ ವಿಫಲವಾದವರಿಗಿಂತಲೂ ಕೆಳಗಿತ್ತು.

ಕಾರಣ ಊಹಿಸುವುದು ಕಷ್ಟವಲ್ಲ. ಬಸ್ಸಿನಲ್ಲಿ ಎರಡು ಗಂಟೆ ಕೂರಬೇಕು, ನಡುವೆ ಶೌಚಾಲಯವಿಲ್ಲ. ಆದ್ದರಿಂದ ಬೆಳಿಗ್ಗೆ ತಿಂಡಿ ಬಿಡುವುದು. ತರಗತಿಯ ಮಧ್ಯೆ ಎದ್ದು ಹೋದರೆ ಗೆಳೆಯರು ನಕ್ಕಾರೆಂದು ಕೊನೆಯ ಬೆಂಚು ಹುಡುಕುವುದು. ಶಾಲೆಯ ಶೌಚಾಲಯದಲ್ಲಿ ನೀರಿಲ್ಲವೆಂದು ಹುಡುಗಿಯರು ದಿನವಿಡೀ ನೀರು ಕುಡಿಯದಿರುವುದು. ಪ್ರವಾಸ ಬೇಡ, ಮದುವೆ ಊಟ ಬೇಡ. ಹೀಗೆ ಒಂದೊಂದಾಗಿ ಬಾಗಿಲು ಮುಚ್ಚುತ್ತಾ ಹೋಗುತ್ತದೆ. ಒಂಟಿತನ ಆತಂಕವನ್ನು ಬೆಳೆಸುತ್ತದೆ, ಆತಂಕ ಕರುಳನ್ನು ಮತ್ತೆ ಕೆರಳಿಸುತ್ತದೆ.

ನೀವೇನು ಮಾಡಬಹುದು?

ಮೊದಲು ವೈದ್ಯರನ್ನು ಕಾಣಿ. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ಜ್ವರ, ರಕ್ತಹೀನತೆ, ನಿದ್ದೆಯಿಂದ ಎಬ್ಬಿಸುವ ನೋವು ಅಥವಾ ಭೇದಿ, ಇವುಗಳಲ್ಲಿ ಯಾವುದಿದ್ದರೂ ತಡಮಾಡಬೇಡಿ. ಕರುಳಿನ ಕ್ಷಯ, ಕರುಳಿನ ಉರಿಯೂತ ಮುಂತಾದ ಬೇರೆ ಕಾಯಿಲೆಗಳ ಸೂಚನೆ ಅವಾಗಿರಬಹುದು.

ಐ.ಬಿ.ಎಸ್. ಎಂದು ತಿಳಿದರೆ ಹೆದರಬೇಕಾಗಿಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡಿ. ಕಾಫಿ, ಟೀ, ಕರಿದ ತಿಂಡಿ ಕಡಿಮೆ ಮಾಡಿ. ಇಸಬ್‌ಗೋಲ್‌ನಂತಹ ನಾರು ಹಲವರಿಗೆ ಸಹಾಯಕ. ಯಾವ ಆಹಾರ ತಿಂದಾಗ, ಯಾವ ಸಂದರ್ಭದಲ್ಲಿ ತೊಂದರೆ ಹೆಚ್ಚಿತೆಂದು ಎರಡು ವಾರ ಬರೆದಿಟ್ಟು ವೈದ್ಯರಿಗೆ ತೋರಿಸಿ. ವೈದ್ಯರು ಖಿನ್ನತೆಗೆ ಕೊಡುವ ಔಷಧಿಯನ್ನೇ ಅಲ್ಪ ಪ್ರಮಾಣದಲ್ಲಿ ಬರೆದುಕೊಟ್ಟರೆ "ನನಗೆ ಹುಚ್ಚೇ?" ಎಂದು ಗಾಬರಿಯಾಗಬೇಡಿ, ಅದು ಕರುಳಿನ ನರಗಳ ಗದ್ದಲವನ್ನೂ ತಗ್ಗಿಸುತ್ತದೆ. ಆಪ್ತಸಮಾಲೋಚನೆಯೂ ಇದೇ ರೀತಿ ಚಿಕಿತ್ಸೆಯ ಒಂದು ಭಾಗ. ಮನಸ್ಸು ತೀರಾ ಕುಗ್ಗಿದ್ದರೆ, 2022ರಲ್ಲಿ ಆರಂಭವಾದ 'ಟೆಲಿ ಮನಸ್' ಸಹಾಯವಾಣಿ 14416ಕ್ಕೆ ಕರೆ ಮಾಡಿ. ಅದು ಉಚಿತ, ಕನ್ನಡದಲ್ಲೇ ಮಾತನಾಡಬಹುದು.

ಈ ತೊಂದರೆ ನಿಮಗಿಲ್ಲದಿದ್ದರೂ ನಿಮ್ಮ ಪಾಲಿಗೊಂದು ಕೆಲಸವಿದೆ. ಸಹಪಾಠಿಯೊಬ್ಬರು ಪದೇ ಪದೇ ಹೊರಗೆ ಹೋಗಲು ಅಪ್ಪಣೆ ಕೇಳಿದಾಗ ನಗಬೇಡಿ. ಶಾಲೆಯ ಶೌಚಾಲಯ ಸ್ವಚ್ಛವಾಗಿರಲಿ, ಅಲ್ಲಿ ನೀರಿರಲಿ ಎಂದು ಅಧ್ಯಾಪಕರಲ್ಲಿ ಕೇಳಿ. ನಿಮ್ಮ ಗೆಳೆಯನೋ ಗೆಳತಿಯೋ ಬೆಳಿಗ್ಗೆ ತಿಂಡಿ ತಿಂದು, ನಿಶ್ಚಿಂತೆಯಿಂದ ಬಸ್ಸು ಹತ್ತಲು ಅಷ್ಟು ಸಾಕಾಗಬಹುದು.