ಮೂರೂವರೆ ಕೋಟಿ ಚುಕ್ಕಿಯ ಸೀರೆ

ಚಿತ್ರ ಬರೆಯುವ ಎಐ ಯಂತ್ರಗಳು ಬಂದಿರುವಾಗ ಗ್ರಾಫಿಕ್ ಡಿಸೈನ್ ಕಲಿಯಲೋ ಬೇಡವೋ ಎಂದು ತೆಲುಗು-ಕನ್ನಡ ಗಡಿಯ ಮಾನೋಪಾಡಿನ ಕಡೆಯ ಹುಡುಗ ಹುಡುಗಿಯರು ಕೇಳಿದರೆ ನಾನು ಮೊದಲು ಕಂಪ್ಯೂಟರ್ ತೋರಿಸುವುದಿಲ್ಲ. ಅವರದೇ ಜಿಲ್ಲೆಯ ಗದ್ವಾಲ ಸೀರೆ ಬಿಡಿಸಿ ಹಾಸುತ್ತೇನೆ. ಒಡಲು ಹತ್ತಿ, ಅಂಚು ಸೆರಗು ರೇಷ್ಮೆ.

ಲೆಕ್ಕ ಹಾಕೋಣ. ಉದ್ದ ಆರು ಗಜ, ಅಂದರೆ 216 ಅಂಗುಲ. ಅಗಲ 46 ಅಂಗುಲ. ಅಂಗುಲಕ್ಕೆ 60 ಎಳೆ ಎಂದು ಹಿಡಿದರೂ ಹಾಸಿನಲ್ಲಿ 2,760 ಎಳೆ, ಹೊಕ್ಕಿನಲ್ಲಿ 12,960. ಇವು ಒಂದನ್ನೊಂದು ದಾಟುವ ಜಾಗಗಳು, ಅಂದರೆ ಸೀರೆಯ ಚುಕ್ಕಿಗಳು, 3,57,69,600! ಮನೆಯ 4ಕೆ ಟಿವಿಯಲ್ಲಿ ಇರುವುದು 82,94,400 ಚುಕ್ಕಿ. ನಾಲ್ಕು ಟಿವಿಗೂ ಮಿಕ್ಕ ಈ ಚಿತ್ರವನ್ನು ಮಡಚಿದರೆ ಬೆಂಕಿಪೊಟ್ಟಣದಲ್ಲಿ ಹಿಡಿಸುತ್ತದೆ ಎಂಬುದು ಊರ ಮಾತು.

ಯಂತ್ರದ ಭಯ ಮಗ್ಗಕ್ಕೆ ಹೊಸದಲ್ಲ. 1804ರಲ್ಲಿ ಫ್ರಾನ್ಸಿನ ಜಕಾರ್ಡ್, ನಕ್ಷೆಯನ್ನು ತೂತುಗಳಲ್ಲಿ ಹಿಡಿದಿಟ್ಟ ಕಾರ್ಡುಗಳ ಮಗ್ಗ ತಂದ. 1839ರಲ್ಲಿ ಅದೇ ಬಗೆಯ ಮಗ್ಗದಲ್ಲಿ ಅವನ ಭಾವಚಿತ್ರವನ್ನು ರೇಷ್ಮೆಯಲ್ಲಿ ನೇಯ್ದರು. ಒಂದು ಮುಖಕ್ಕೆ 24,000 ಕಾರ್ಡು! ಈ ಮಗ್ಗ ಬರುವವರೆಗೆ ಪಕ್ಕದಲ್ಲಿ ನಿಂತು ದಾರ ಎಳೆಯುತ್ತಿದ್ದ ಹುಡುಗನ ಕೆಲಸ ಹೋಯಿತು. ಚೌಕಳಿ ಕಾಗದದ ಮೇಲೆ ನಕ್ಷೆ ಬರೆಯುವವನು ಉಳಿದ.

ಇನ್ನು ಕಂಪ್ಯೂಟರಿಗೆ ಬರೋಣ. 1984ರ ಮೊದಲ ಮ್ಯಾಕಿಂಟಾಷ್ ತೆರೆಯಲ್ಲಿ 1,75,104 ಚುಕ್ಕಿ, ಬಣ್ಣ ಎರಡೇ. ಈಗ ಒಂದೊಂದು ಚುಕ್ಕಿಯೂ 1,67,77,216 ಬಣ್ಣಗಳಲ್ಲಿ ಯಾವುದನ್ನಾದರೂ ತಾಳಬಲ್ಲದು. 2022ರಲ್ಲಿ ಹೊರಬಂದ ಲಾಯಾನ್-5ಬಿ ಎಂಬ ಸಂಗ್ರಹದಲ್ಲಿ 585 ಕೋಟಿ ಚಿತ್ರ-ಬರಹದ ಜೋಡಿಗಳಿದ್ದವು. ನಿದ್ದೆಯಿಲ್ಲದೆ ಸೆಕೆಂಡಿಗೊಂದು ನೋಡಿದರೂ ಮುಗಿಸಲು 185 ವರ್ಷ ಬೇಕು. ಇಂಥ ರಾಶಿಯಿಂದ ಪಾಠ ಕಲಿತ ಯಂತ್ರಕ್ಕೆ ಲಗ್ನಪತ್ರಿಕೆ ಯಾವ ಲೆಕ್ಕ? ಸುಳ್ಳು ಧೈರ್ಯ ಹೇಳಲಾರೆ: ಹುಟ್ಟುಹಬ್ಬದ ಫ್ಲೆಕ್ಸನ್ನೇ ನಂಬಿದವರ ಹೊಟ್ಟೆಪಾಡಿಗೆ ಮೊದಲ ಪೆಟ್ಟು.

ಆದರೆ ಅಕ್ಷರಕ್ಕೆ ಬಂದಾಗ ಆಟ ಬೇರೆ. ಇಂಗ್ಲಿಷಿಗೆ ದೊಡ್ಡದು ಚಿಕ್ಕದು ಸೇರಿ 52. ಕನ್ನಡದ 34 ವ್ಯಂಜನಗಳಿಗೆ 34 ಒತ್ತು ಕೊಟ್ಟರೆ 1,156. ಹದಿಮೂರು ಸ್ವರ ಸೇರಿಸಿದರೆ 15,028. ಎಲ್ಲವೂ ಬಳಕೆಯಲ್ಲಿಲ್ಲ, ನಿಜ. ಆದರೂ ಚಿತ್ರದೊಳಗೆ ಕನ್ನಡ ಬರೆ ಎಂದಾಗ ಈ ಯಂತ್ರಗಳು ಒತ್ತಕ್ಷರದಲ್ಲಿ ಎಡವುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಪಕ್ಕದ ತೆಲುಗನ್ನೂ ನೋಡಿ: ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಸಂಖ್ಯೆ ಕೊಡುವ ಯೂನಿಕೋಡ್ ತೆಲುಗಿಗೆ 128 ಮನೆ ಕೊಟ್ಟು, ಅದರ ಗೋಡೆಗೇ ಅಂಟಿಸಿ ಕನ್ನಡಕ್ಕೂ 128 ಮನೆ ಕೊಟ್ಟಿದೆ, ಕೃಷ್ಣೆ ತುಂಗಭದ್ರೆಯರ ನಡುವಿನ ನಡಿಗಡ್ಡೆಯ ಓಣಿಯಂತೆ. ಕನ್ನಡದ ತಲೆಕಟ್ಟು ಅಡ್ಡ ಮಲಗುತ್ತದೆ, ತೆಲುಗಿನದು ಮೇಷ್ಟ್ರ ರೈಟು ಗುರುತಿನಂತೆ ಮೇಲೇಳುತ್ತದೆ. ಯಂತ್ರದ ತಪ್ಪು ಹಿಡಿಯಲು ಎರಡನ್ನೂ ಓದುವ ಗಡಿಯ ಮಕ್ಕಳ ಕಣ್ಣಿಗೆ ಬೆಲೆಯಿದೆ ಎಂದೇ ನನ್ನ ಎಣಿಕೆ.

ಫೀಸು ಕಟ್ಟುವ ಮುಂಚೆ ಒಂದು ಕೆಲಸ ಮಾಡಿ. ಸೀರೆಯಂಚಿನ ಒಂದೇ ಒಂದು ಚದರ ಅಂಗುಲವನ್ನು ಗ್ರಾಫ್ ಕಾಗದಕ್ಕೆ ಇಳಿಸಿ, ಎಳೆ ಎಳೆ ಕೂಡುವ ಕಡೆಗೆ ಒಂದೊಂದು ಚೌಕ. ನಮ್ಮ ಲೆಕ್ಕದಲ್ಲೇ 3,600 ಚೌಕ. ಮುನ್ನೂರಕ್ಕೇ ಬೇಸರ ಬಂತೋ, ಬೇರೆ ಕೋರ್ಸು ನೋಡಿಕೊಳ್ಳಿ.