‘ಎಂ. ಎಸ್.’ ಎಂಬ ಸಂಕ್ಷೇಪದ ನಾನಾರ್ಥಗಳು

ಒಂದು ಶಬ್ದಕ್ಕೆ ಅನೇಕಾರ್ಥಗಳಿರುವುದು ಹೊಸತಲ್ಲ. ನಮ್ಮ ಪೂರ್ವಿಕರು ಅಂತಹ ಶಬ್ದಗಳನ್ನು ಸಂಗ್ರಹಿಸಿ ನಾನಾರ್ಥ ನಿಘಂಟುಗಳನ್ನೇ ರಚಿಸಿದ್ದಾರೆ. ಆದರೆ ಶಬ್ದದ ನಾನಾರ್ಥಕ್ಕೂ ಸಂಕ್ಷೇಪದ ನಾನಾರ್ಥಕ್ಕೂ ಒಂದು ಭೇದವುಂಟು. ಶಬ್ದದ ಅರ್ಥಗಳು ಬಹುಮಟ್ಟಿಗೆ ಒಂದರಿಂದೊಂದು ಕವಲೊಡೆದು ಬೆಳೆದವು. ಸಂಕ್ಷೇಪದ ಅರ್ಥಗಳಿಗಾದರೋ ಪರಸ್ಪರ ಬಾಂಧವ್ಯವಿಲ್ಲ. ಬೇರೆಬೇರೆ ಪದಗಳ ಮೊದಲಕ್ಷರಗಳು ಆಕಸ್ಮಿಕವಾಗಿ ಒಂದೇ ಆದುವೆಂಬುದಷ್ಟೇ ಅವುಗಳ ನಂಟು. ಇಂಗ್ಲಿಷಿನ ‘ಎಂ. ಎಸ್.’ ಎಂಬ ಎರಡಕ್ಷರಗಳನ್ನು ನಿದರ್ಶನವಾಗಿಟ್ಟುಕೊಂಡು ಈ ವಿಷಯವನ್ನು ಪರಿಶೀಲಿಸಬಹುದು.

ಗ್ರಂಥಸಂಪಾದಕರಿಗೆ ‘ಎಂ. ಎಸ್.’ ಎಂದರೆ ಹಸ್ತಪ್ರತಿ. ‘ಕೈಯಿಂದ ಬರೆದದ್ದು’ ಎಂಬರ್ಥದ ಲ್ಯಾಟಿನ್ ಪದ ಇದಕ್ಕೆ ಮೂಲ. ಪ್ರತಿಗಳು ಹಲವಾದರೆ ಕೊನೆಯಕ್ಷರವನ್ನು ಇಮ್ಮಡಿಸಿ ‘ಎಂ. ಎಸ್. ಎಸ್.’ ಎಂದು ಬರೆಯುವರು. ಅಕ್ಷರವನ್ನು ಇಮ್ಮಡಿಸಿ ಬಹುತ್ವವನ್ನು ಸೂಚಿಸುವುದು ಲ್ಯಾಟಿನ್ ಬರೆಹಗಾರರ ಪದ್ಧತಿ. ಅದೇ ಭಾಷೆಯ ಗೋರಿಕಲ್ಲುಗಳಲ್ಲಿ ಈ ಅಕ್ಷರಗಳು ‘ಪುಣ್ಯಸ್ಮರಣೆಗೆ ಅರ್ಪಿತ’ ಎಂಬರ್ಥವನ್ನು ಕೊಡುತ್ತವೆ. ಪಿಯಾನೋ ನುಡಿಸುವವನ ಸ್ವರಲಿಪಿಯಲ್ಲಿ ಇವೇ ಇಟಾಲಿಯನ್ ಭಾಷೆಯ ಎಡಗೈಯನ್ನು ಸೂಚಿಸುತ್ತವೆ.

ವಿದ್ಯಾಪೀಠಗಳಿಗೆ ಬಂದರೆ, ಭಾರತದಲ್ಲಿ ‘ಎಂ. ಎಸ್.’ ಶಸ್ತ್ರವೈದ್ಯದ ಉನ್ನತ ಪದವಿ. ಅಮೆರಿಕದಲ್ಲಿ ಅದು ನಾವು ಎಂ. ಎಸ್‌ಸಿ. ಎನ್ನುವ ವಿಜ್ಞಾನಪದವಿ. ಹಡಗಿನ ಹೆಸರಿನ ಹಿಂದೆ ಬಂದರೆ ಅದು ಉಗಿಯಿಂದಲ್ಲದೆ ಮೋಟಾರಿನಿಂದ ಚಲಿಸುವ ನೌಕೆ. ೧೯೧೨ರಲ್ಲಿ ಸಾಗರಯಾನಕ್ಕೆ ಹೊರಟ ಡೆನ್ಮಾರ್ಕಿನ ‘ಸೆಲಾಂಡಿಯ’ ಅಂತಹ ಡೀಸೆಲ್ ನೌಕೆಗಳಲ್ಲಿ ಪ್ರಸಿದ್ಧವಾದುದು. ಅಮೆರಿಕದ ಅಂಚೆಯವರಿಗೆ ೧೯೬೩ರಿಂದೀಚೆಗೆ ಅದು ಮಿಸಿಸಿಪಿ ಸಂಸ್ಥಾನ. ವಿವಾಹಿತೆ, ಅವಿವಾಹಿತೆ ಎಂಬ ಭೇದವನ್ನೆಣಿಸದೆ ಸ್ತ್ರೀಯರನ್ನು ಸಂಬೋಧಿಸುವ ‘ಮಿಜ಼್’ ಎಂಬುದನ್ನೂ ಇವೇ ಅಕ್ಷರಗಳಿಂದ ಬರೆಯುವರು. ೧೯೦೧ರಲ್ಲಿ ಅಮೆರಿಕದ ಪತ್ರಿಕೆಯೊಂದು ಸೂಚಿಸಿದ ಈ ಉಪಾಧಿಯನ್ನು ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆ ಅಂಗೀಕರಿಸಿದುದು ೧೯೮೬ರಲ್ಲಿ. ಇನ್ನು ದಕ್ಷಿಣ ಭಾರತದ ಸಂಗೀತರಸಿಕರಿಗೆ ‘ಎಂ. ಎಸ್.’ ಎಂದರೆ ಮಧುರೆ ಷಣ್ಮುಖವಡಿವು ಸುಬ್ಬುಲಕ್ಷ್ಮಿಯವರಲ್ಲದೆ ಬೇರೆಯಿಲ್ಲ.

ಇಷ್ಟು ಅರ್ಥಗಳಿದ್ದರೂ ವ್ಯವಹಾರವು ಕೆಡುವುದಿಲ್ಲವೇಕೆ? ಒಂದೊಂದರ್ಥವೂ ಒಂದೊಂದು ಮಂಡಲಿಯ ಸೊತ್ತು. ಆ ಮಂಡಲಿಯೊಳಗೆ ಸಂದೇಹಕ್ಕೆ ಎಡೆಯಿಲ್ಲ. ನಮ್ಮ ಶಾಸನಗಳಲ್ಲಿ ‘ಶು’ ಎಂಬುದು ಶುದ್ಧಪಕ್ಷಕ್ಕೂ ಶುಕ್ರವಾರಕ್ಕೂ ಸಲ್ಲುತ್ತದೆ; ತಿಥಿಸಂಖ್ಯೆಗೆ ಮುಂಚೆ ಬಂದರೆ ಪಕ್ಷ, ಅನಂತರ ಬಂದರೆ ವಾರ. ಸ್ಥಾನವನ್ನು ಬಲ್ಲವನಿಗೆ ಭ್ರಾಂತಿಯಿಲ್ಲ. ಕೇಡು ಬರುವುದು ಒಂದೇ ಮಂಡಲಿಯೊಳಗೆ, ಒಂದೇ ಸ್ಥಾನದಲ್ಲಿ, ಎರಡರ್ಥಗಳು ಎದುರಾದಾಗ.

ವೈದ್ಯಕೀಯವೇ ಇದಕ್ಕೆ ನಿದರ್ಶನ. ರೋಗಿಯ ಪತ್ರದಲ್ಲಿ ‘ಎಂ. ಎಸ್.’ ಎಂದಿದ್ದರೆ ಅದು ಮಿದುಳು ಹುರಿಗಳ ನರತಂತುಗಳ ಹೊದಿಕೆಯನ್ನು ಕೆಡಿಸುವ ಮಲ್ಟಿಪಲ್ ಸ್ಕ್ಲೆರೋಸಿಸ್ ಆಗಬಹುದು. ಬಾಲ್ಯದ ಸಂಧಿವಾತಜ್ವರದಿಂದ ಹೃದಯದ ಕವಾಟವು ಕಿರಿದಾಗುವ ಮೈಟ್ರಲ್ ಸ್ಟಿನೋಸಿಸ್ ಆಗಬಹುದು. ಔಷಧಪತ್ರದಲ್ಲಿ ಅಪಾಯವು ಇನ್ನೂ ಹಿರಿದು. ಅಲ್ಲಿ ಅದು ನೋವನ್ನಡಗಿಸುವ ಮಾರ್ಫಿನ್ ಸಲ್ಫೇಟ್ ಆಗಬಹುದು, ಗರ್ಭಿಣಿಯರ ಸೆಳವುಗಳಿಗೆ ಕೊಡುವ ಮೆಗ್ನೀಸಿಯಂ ಸಲ್ಫೇಟೂ ಆಗಬಹುದು. ಮೊದಲನೆಯದರ ಪ್ರಮಾಣ ಕೆಲವು ಮಿಲಿಗ್ರಾಂ, ಎರಡನೆಯದರದು ಕೆಲವು ಗ್ರಾಂ. ಮಾರ್ಫಿನ್ ಮಿತಿಮೀರಿದರೆ ಉಸಿರಾಟವೇ ನಿಲ್ಲಬಹುದು. ಆದುದರಿಂದಲೇ ಅಮೆರಿಕದಲ್ಲಿ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಜಾಯಿಂಟ್ ಕಮಿಷನ್ ಎಂಬ ಸಂಸ್ಥೆಯು ೨೦೦೪ರಲ್ಲಿ ಹೊರಡಿಸಿದ ನಿಷಿದ್ಧ ಸಂಕ್ಷೇಪಗಳ ಪಟ್ಟಿಯಲ್ಲಿ ಇದನ್ನು ಸೇರಿಸಿ, ಔಷಧದ ಹೆಸರನ್ನು ಪೂರ್ಣವಾಗಿ ಬರೆಯಬೇಕೆಂದು ವಿಧಿಸಿತು.

ಕನ್ನಡದಲ್ಲಿ ಬರೆಯುವವರಿಗೆ ಮತ್ತೊಂದು ತೊಡಕುಂಟು. ಇಂಗ್ಲಿಷಿನ ಅಕ್ಷರಗಳಿಗೆ ಹಿರಿದು, ಕಿರಿದು ಎಂಬ ಎರಡು ರೂಪಗಳಿವೆ; ಮಾಪನಶಾಸ್ತ್ರವು ಆ ಭೇದವನ್ನೇ ನಂಬಿದೆ. ಎರಡಕ್ಷರಗಳೂ ಕಿರಿದಾದರೆ ಅದು ಸೆಕೆಂಡಿನ ಸಾವಿರದಲ್ಲೊಂದು ಪಾಲು. ಮೊದಲನೆಯದು ಮಾತ್ರ ಹಿರಿದಾದರೆ ಹತ್ತು ಲಕ್ಷ ಸೆಕೆಂಡು, ಎಂದರೆ ಸುಮಾರು ಹನ್ನೊಂದೂವರೆ ದಿನ. ಎರಡನೆಯದು ಮಾತ್ರ ಹಿರಿದಾದರೆ ಅದು ಕಾಲವೇ ಅಲ್ಲ, ವಿದ್ಯುದ್ವಾಹಕತೆಯ ಮಾನ. ಮೊದಲೆರಡಕ್ಕೆ ನೂರು ಕೋಟಿ ಪಟ್ಟು ಅಂತರ. ನಮ್ಮ ಲಿಪಿಯಲ್ಲಿ ಹಿರಿಕಿರಿಯ ಭೇದವಿಲ್ಲದುದರಿಂದ ಮೂರೂ ‘ಎಂ. ಎಸ್.’ ಎಂದೇ ಆಗಿ, ಮೂಲದಲ್ಲಿದ್ದ ರಕ್ಷಣೆಯು ಇಲ್ಲಿ ಲೋಪವಾಗುತ್ತದೆ.

ಸಂಕ್ಷೇಪವು ಬರೆಯುವವನ ಶ್ರಮವನ್ನು ಕಡಮೆಮಾಡಿ ಆ ಹೊರೆಯನ್ನು ಓದುವವನ ಮೇಲಿಡುತ್ತದೆ. ಓದುವವನು ನಮ್ಮ ಮಂಡಲಿಯವನೇ ಆದರೆ ಹೊರೆ ಹಗುರ, ಹೊರಗಿನವನಾದರೆ ಭಾರ, ರೋಗಿಯ ಮಗ್ಗುಲಲ್ಲಿ ನಿಂತ ದಾದಿಯಾದರೆ ಪ್ರಾಣದ ಪ್ರಶ್ನೆ. ಆದುದರಿಂದ ಇಂಗ್ಲಿಷಿನ ಸಂಕ್ಷೇಪವನ್ನು ಕನ್ನಡಕ್ಕೆ ತರುವಾಗ ಮೊದಲ ಪ್ರಯೋಗದಲ್ಲಿ ಪೂರ್ಣರೂಪವನ್ನು ಕೊಡುವುದೂ, ಅಳತೆ ಔಷಧಗಳ ವಿಷಯದಲ್ಲಿ ಸಂಕ್ಷೇಪವನ್ನೇ ಬಿಡುವುದೂ ಯುಕ್ತವೆಂದು ತೋರುತ್ತದೆ.