ಚಿತ್ರ ಬೀಳದಿದ್ದರೆ ಹಂದಿ ಬಂದಿಲ್ಲವೇ?

ಮುಸುಕಿನ ಜೋಳದ ಹೊಲದಂಚಿಗೆ ಕಟ್ಟಿದ ಕ್ಯಾಮೆರಾದಲ್ಲಿ ಒಂದು ರಾತ್ರಿ ಕಾಡುಹಂದಿಯ ಚಿತ್ರ ಬೀಳಲಿಲ್ಲವೆಂದು ಕಾವಲು ಬಿಡಬೇಡಿ. ಹಂದಿ ಕ್ಯಾಮೆರಾದ ಕಣ್ಣಿಗೆ ಬೀಳದೆ ನುಗ್ಗಿರಬಹುದು.

ಹಂದಿಗಳು ಓಡಾಡುವ ಜಾಗದಲ್ಲಿ 10 ರಾತ್ರಿಗಳ ಪೈಕಿ 3 ರಾತ್ರಿ ಮಾತ್ರ ಚಿತ್ರ ಸಿಕ್ಕುತ್ತದೆನ್ನೋಣ. ಆಗ ಪತ್ತೆಯ ಸಂಭವ ಶೇ. 30, ತಪ್ಪಿಹೋಗುವ ಸಂಭವ ಶೇ. 70. ಸತತ 5 ರಾತ್ರಿಯೂ ತಪ್ಪುವ ಸಂಭವ ಸುಮಾರು ಶೇ. 17, 10 ರಾತ್ರಿಗಾದರೆ ಶೇ. 3 ಮಾತ್ರ.

ನಾಗರಹೊಳೆಯ ಹುಲಿಗಳನ್ನು ಪಟ್ಟೆಗಳಿಂದ ಗುರುತಿಸಿ ಡಾ. ಉಲ್ಲಾಸ ಕಾರಂತರು 1995ರಲ್ಲಿ ಪ್ರಕಟಿಸಿದ ಅಂದಾಜೂ ಕ್ಯಾಮೆರಾಗೆ ಸಿಗದ ಹುಲಿಗಳನ್ನು ಲೆಕ್ಕಕ್ಕೆ ಹಿಡಿದದ್ದೇ.

ಆದ್ದರಿಂದ ಹೆಜ್ಜೆಗುರುತು ಕಂಡ ದಾರಿಗೇ ಕ್ಯಾಮೆರಾ ಕಟ್ಟಿ, ಎದುರಿನ ಹುಲ್ಲು ಸವರಿ. ಚಿತ್ರ ಬಿದ್ದ ರಾತ್ರಿಯಂತೆ ಬೀಳದ ರಾತ್ರಿಯನ್ನೂ ತಪ್ಪದೆ ಬರೆದಿಡಿ.